ಹಂಡೆ ಭಟ್ಟಿ, ಕಾಲಮ್ ಭಟ್ಟಿ

ಪುಣೆಯಿಂದ ಲೋಣಾವಳಾ ಕಡೆಗೆ ಹೋಗುವ ಲೋಕಲ್ ರೈಲಿನಲ್ಲಿ ಆಕುರ್ಡಿ ದಾಟಿದರೆ ಸಿಗುವುದು ದೇಹೂ ರೋಡ್. ಊರಿನ ಬಹುಭಾಗ ಸೇನೆಯದು: ಡಿಪೊಗಳು, ಕ್ವಾರ್ಟರ್ಸುಗಳು, ಕಂಟೋನ್ಮೆಂಟಿನ ಬಜಾರು. ಕೆಲವೇ ಕಿಲೋಮೀಟರ್ ಆಚೆ ಇಂದ್ರಾಯಣಿ ದಂಡೆಯಲ್ಲಿ ಸಂತ ತುಕಾರಾಮರ ದೇಹೂ. ಸುತ್ತ ತಳವಡೆ, ಚಿಂಚವಡ, ಭೋಸರಿ, ಚಾಕಣ. ಈ ಪಟ್ಟಿಯಲ್ಲಿ ಉಕ್ಕು ಬಗ್ಗಿಸುವ, ಬೆಸೆಯುವ, ಕೊರೆಯುವ ವರ್ಕ್‌ಶಾಪುಗಳಿಗೆ ಲೆಕ್ಕವಿಲ್ಲ. ಕಲಬುರಗಿ, ವಿಜಯಪುರ, ಬೀದರ ಕಡೆಯಿಂದ ಬಂದು ಇಲ್ಲೇ ನೆಲೆನಿಂತ ಕನ್ನಡಿಗರೂ ಅವುಗಳಲ್ಲಿ ಸಾಕಷ್ಟು ಮಂದಿ ಇದ್ದಾರೆ.

ಭಟ್ಟಿ ಕಟ್ಟುವ ಕಸುಬಿಗೂ ಪುಣೆಯೇ ದೊಡ್ಡ ಮನೆ. 1983ರಲ್ಲಿ ಪ್ರಮೋದ್ ಚೌಧರಿ ಕಟ್ಟಿದ ಪ್ರಾಜ್ ಕಂಪನಿ ದೇಶವಿದೇಶದ ಡಿಸ್ಟಿಲರಿಗಳಿಗೆ ಕಾಲಮ್ಮುಗಳನ್ನು ವಿನ್ಯಾಸ ಮಾಡಿಕೊಡುತ್ತದೆ. ಅದರ ಕಚೇರಿ ಇರುವುದು ಹಿಂಜವಡಿಯಲ್ಲಿ. ಊರಿನ ಇನ್ನೊಂದು ತುದಿಯ ಮಾಂಜರಿಯಲ್ಲಿ ವಸಂತದಾದಾ ಶುಗರ್ ಇನ್‌ಸ್ಟಿಟ್ಯೂಟ್ ಇದೆ. 1975ರಲ್ಲಿ ಡೆಕ್ಕನ್ ಶುಗರ್ ಇನ್‌ಸ್ಟಿಟ್ಯೂಟ್ ಎಂಬ ಹೆಸರಿನಲ್ಲಿ ಶುರುವಾದ ಈ ಸಂಸ್ಥೆಯಲ್ಲಿ ಆಲ್ಕೋಹಾಲ್ ತಂತ್ರಜ್ಞಾನವನ್ನು ಕಲಿಸುತ್ತಾರೆ. ದಖ್ಖನ್ನಿನ ಕಬ್ಬು, ಅದರ ಕಾಕಂಬಿ, ಆ ಕಾಕಂಬಿಯಿಂದ ಇಳಿಸುವ ಸ್ಪಿರಿಟ್ಟು, ಎಲ್ಲದರ ಲೆಕ್ಕಾಚಾರ ಈ ಊರಿನ ಡ್ರಾಯಿಂಗ್ ಬೋರ್ಡುಗಳ ಮೇಲೆ ನಡೆದಿದೆ. ದೇಹೂ ರೋಡಿನ ಸೈನಿಕ ಕ್ಯಾಂಟೀನಿನಲ್ಲಿ ಸಿಗುವ ರಮ್ಮಿನ ಮೂಲವೂ ಇಂಥ ಕಾಕಂಬಿ ಸ್ಪಿರಿಟ್ಟೇ.

ಈಚೆಗೆ ಈ ಭಾಗದಲ್ಲಿ ಹೊಸ ಪ್ರಶ್ನೆಯೊಂದು ಕೇಳಿಬರುತ್ತಿದೆ. ಗೋವಾದ ಸಣ್ಣ ಜಿನ್ ಕಂಪನಿಗಳನ್ನು ನೋಡಿ, ಬೆಂಗಳೂರಿನ ಮಾಲ್ಟ್ ವಿಸ್ಕಿ ಹೆಸರು ಮಾಡಿದ್ದನ್ನು ನೋಡಿ, ಬೆಲ್ಲದಿಂದಲೋ ಇಪ್ಪೆ ಹೂವಿನಿಂದಲೋ ದ್ರಾಕ್ಷಿಯಿಂದಲೋ ಒಳ್ಳೆಯ ಮದ್ಯ ಇಳಿಸಬೇಕೆಂದು ಹೊರಟ ಎಳೆಯರು ಫ್ಯಾಬ್ರಿಕೇಟರುಗಳ ಬಾಗಿಲು ತಟ್ಟುತ್ತಾರೆ. ಯಾವುದನ್ನು ಕಟ್ಟಿಸೋಣ, ಹಂಡೆಯೋ ಕಾಲಮ್ಮೋ? ಪ್ರೊಸೆಸ್ ಉಪಕರಣಗಳ ಡ್ರಾಯಿಂಗುಗಳ ನಡುವೆ ವರ್ಷಗಳನ್ನು ಕಳೆದ ನನಗೆ ಈ ಪ್ರಶ್ನೆ ಬಹಳ ಮುಖ್ಯವೆನಿಸುತ್ತದೆ. ಎರಡೂ ಕಡೆಯವರು ಹೇಳುವುದರಲ್ಲಿ ಹುರುಳಿದೆ, ಎರಡೂ ಕಡೆ ಅರ್ಧಸತ್ಯಗಳೂ ಇವೆ.

ಕಾನೂನಿನ ಮಾತು ಮೊದಲೇ ಆಗಿಬಿಡಲಿ. 1949ರ ಪಾನನಿರೋಧ ಕಾಯ್ದೆ ಇಂದಿಗೂ ಮಹಾರಾಷ್ಟ್ರದಲ್ಲಿ ಜಾರಿಯಲ್ಲಿದೆ. ಪರವಾನಗಿ ಇಲ್ಲದೆ ಮದ್ಯ ಇಳಿಸುವುದು ಮಾತ್ರವಲ್ಲ, ಅದಕ್ಕಾಗಿ ಭಟ್ಟಿಯನ್ನು ಇಟ್ಟುಕೊಳ್ಳುವುದೂ ಅಪರಾಧ. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆಯೂ ಇದನ್ನೇ ಹೇಳುತ್ತದೆ. ನಾನಿಲ್ಲಿ ಬರೆಯುತ್ತಿರುವುದೆಲ್ಲ ಪರವಾನಗಿ ಪಡೆದು ಕಟ್ಟುವವರ ವಿಷಯ.

ಹಂಡೆಯ ಕೆಲಸ ಎಲ್ಲರಿಗೂ ಗೊತ್ತಿರುವಂಥದ್ದು. ಹುದುಗಿದ ರಸವನ್ನು, ಅಂದರೆ ವಾಶನ್ನು, ತಾಮ್ರದ ಹಂಡೆಯಲ್ಲಿ ಕುದಿಸಿ, ಏಳುವ ಆವಿಯನ್ನು ತಣ್ಣೀರಿನ ಸುರುಳಿಯಲ್ಲಿ ತಣಿಸಿದರೆ ಸ್ಪಿರಿಟ್ಟು ಇಳಿಯುತ್ತದೆ. ವಾಶಿನಲ್ಲಿ ಆಲ್ಕೋಹಾಲು ಶೇ 8-10 ಇದ್ದರೆ ಮೊದಲ ಸಲ ಇಳಿದದ್ದರಲ್ಲಿ ಶೇ 25-30 ಇರುತ್ತದೆ. ಅದನ್ನೇ ಮತ್ತೊಮ್ಮೆ ಇಳಿಸಿದರೆ ಶೇ 65-70ರ ತನಕ ಬರುತ್ತದೆ. ಈ ಎರಡನೇ ಸಲ ಮೊದಲು ಬರುವ ಘಾಟಿನ ಭಾಗವನ್ನೂ ಕೊನೆಗೆ ಬರುವ ಎಣ್ಣೆಯಂಥ ಭಾಗವನ್ನೂ ಬೇರೆ ಇಟ್ಟು, ನಡುವಿನದನ್ನಷ್ಟೇ ತೆಗೆದುಕೊಳ್ಳುತ್ತಾರೆ. ಎಲ್ಲಿ ಶುರು, ಎಲ್ಲಿ ನಿಲುಗಡೆ ಎಂಬುದನ್ನು ಭಟ್ಟಿಯವನ ಮೂಗು ಮತ್ತು ನಾಲಗೆ ನಿರ್ಧರಿಸುತ್ತವೆ.

ಹಂಡೆಯ ಪರವಾಗಿ ಮಾತಾಡುವವರ ದೊಡ್ಡ ಬಲ ರುಚಿ. ಆಲ್ಕೋಹಾಲಿಗೆ ತನ್ನದೆಂಬ ರುಚಿ ಅಷ್ಟಾಗಿ ಇಲ್ಲ. ಗೇರುಹಣ್ಣಿನ ಫೆನಿಗೆ ಆ ಗಡುಸು ವಾಸನೆ, ಮಾಲ್ಟಿಗೆ ಆ ಧಾನ್ಯದ ಘಮ ಬರುವುದು ಎಸ್ಟರುಗಳಿಂದ, ಆಲ್ಡಿಹೈಡುಗಳಿಂದ, ಭಾರವಾದ ಆಲ್ಕೋಹಾಲುಗಳಿಂದ. ಹಂಡೆ ಇವುಗಳನ್ನು ಪೂರ್ತಿ ಬೇರ್ಪಡಿಸಲಾರದು. ಯಂತ್ರವಾಗಿ ಅದು ಅದರ ದೌರ್ಬಲ್ಯ. ಮದ್ಯದಲ್ಲಿ ರುಚಿ ಉಳಿಯುವುದು ಅದೇ ದೌರ್ಬಲ್ಯದಿಂದ. 1948ರಲ್ಲಿ ಶುರುವಾದ ಬೆಂಗಳೂರಿನ ಅಮೃತ್ ಡಿಸ್ಟಿಲರೀಸ್ 2004ರಲ್ಲಿ ತನ್ನ ಸಿಂಗಲ್ ಮಾಲ್ಟನ್ನು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲೇ ಬಿಡುಗಡೆ ಮಾಡಿತು. ಅದು ಇಳಿದದ್ದು ತಾಮ್ರದ ಹಂಡೆಯಿಂದ. ಅದೇ ಕಂಪನಿ ಬೆಲ್ಲದಿಂದಲೂ ರಮ್ ಮಾಡಿದೆ. ಗೋವಾದ ಗೇರು ಫೆನಿಗೆ 2009ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಅದರ ಹೆಸರಿನ ಜೊತೆಗೇ ಹಂಡೆಯ ಭಟ್ಟಿಯ ಹೆಸರೂ ಬರುತ್ತದೆ. ಆಂಧ್ರದ ಚಿತ್ತೂರು ಜಿಲ್ಲೆಯಲ್ಲಿ ದಖ್ಖನ್ನಿನ ಕತ್ತಾಳೆಯಿಂದ ಮದ್ಯ ಮಾಡಲು ಹೊರಟ ಡೆಸ್ಮಂಡ್ ನಜರೆತ್ ಅವರು ಕೂಡ ತಮ್ಮ ಸಣ್ಣ ಡಿಸ್ಟಿಲರಿಯಲ್ಲಿ ಹಂಡೆಗಳನ್ನೇ ಇಟ್ಟರು. ಇಪ್ಪೆ ಹೂವಿನ ಮದ್ಯವನ್ನು ಬಾಟಲಿಗೆ ತುಂಬಿ ಪೇಟೆಗೆ ತಂದವರಲ್ಲಿ ಅವರು ಮೊದಲಿಗರು.

ಹಂಡೆಗೆ ಇನ್ನೂ ಒಂದು ಗುಣವುಂಟು, ಇದನ್ನು ಎಂಜಿನಿಯರುಗಳು ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದು ಹಳ್ಳಿಯಲ್ಲೂ ರಿಪೇರಿಯಾಗುತ್ತದೆ. ತಾಮ್ರ ತೆಳುವಾದರೆ ತಾಮ್ರದ ಕೆಲಸದವನು ತೇಪೆ ಹಾಕಿಕೊಡುತ್ತಾನೆ. ಪಂಪಿಲ್ಲ, ಕಂಟ್ರೋಲ್ ವಾಲ್ವಿಲ್ಲ, ಕರೆಂಟು ಹೋದರೆ ನಷ್ಟವಿಲ್ಲ.

ಅದರ ಮಿತಿಗಳೂ ಅಷ್ಟೇ ನಿಜ. ಒಂದೊಂದು ಬ್ಯಾಚಿಗೂ ಹಂಡೆಯನ್ನು ತುಂಬಬೇಕು, ಕಾಯಿಸಬೇಕು, ಖಾಲಿ ಮಾಡಿ ತೊಳೆಯಬೇಕು. ಎರಡು ಸಲ ಕುದಿಸುವುದರಿಂದ ಸೌದೆಯೋ ಹಬೆಯೋ ಲೀಟರಿಗೆ ಕಾಲಮ್ಮಿಗಿಂತ ಸಾಕಷ್ಟು ಹೆಚ್ಚು ಬೇಕು. ನೇರ ಉರಿ ಇಟ್ಟರೆ ತಳ ಸೀಯುತ್ತದೆ, ಆ ಸೀದ ವಾಸನೆ ಕೊನೆಯ ತನಕ ಹೋಗುವುದಿಲ್ಲ. ಭಟ್ಟಿಯವನ ನಾಲಗೆ ಒಂದು ದಿನ ಕೈಕೊಟ್ಟರೆ ಆ ದಿನದ ಮಾಲೆಲ್ಲ ಬೇರೆಯದೇ ಆಗುತ್ತದೆ. ಕೈಕೆಲಸದ ವೈವಿಧ್ಯವೆಂದು ಇದನ್ನು ಹೊಗಳುವವರಿದ್ದಾರೆ. ದುಡ್ಡು ಕೊಟ್ಟು ಕೊಂಡವನು ಎರಡನೇ ಬಾಟಲಿಯಲ್ಲೂ ಮೊದಲಿನ ರುಚಿಯನ್ನೇ ಕೇಳುತ್ತಾನೆ, ಮತ್ತು ಅವನು ಕೇಳುವುದು ನ್ಯಾಯ.

ಇನ್ನು ಕಾಲಮ್ಮು. ಎತ್ತರದ ಕೊಳವೆ, ಅದರೊಳಗೆ ಒಂದರ ಮೇಲೊಂದು ತಟ್ಟೆಗಳು. ಕೆಳಗಿನಿಂದ ಆವಿ ಏರುತ್ತದೆ, ಮೇಲಿನಿಂದ ದ್ರವ ಇಳಿಯುತ್ತದೆ. ಪ್ರತಿ ತಟ್ಟೆಯ ಮೇಲೂ ಒಂದೆರಡು ಇಂಚು ದ್ರವ ನಿಂತಿರುತ್ತದೆ. ಏರುವ ಆವಿ ಅದರೊಳಗೆ ಗುಳ್ಳೆಯಾಗಿ ತೂರಿ ಬರುವಾಗ ತನ್ನಲ್ಲಿರುವ ನೀರನ್ನು ಸ್ವಲ್ಪ ಬಿಟ್ಟುಕೊಟ್ಟು, ದ್ರವದಲ್ಲಿರುವ ಆಲ್ಕೋಹಾಲನ್ನು ಸ್ವಲ್ಪ ಎತ್ತಿಕೊಳ್ಳುತ್ತದೆ. ಒಂದು ತಟ್ಟೆಯೆಂದರೆ ಒಂದು ಪುಟ್ಟ ಭಟ್ಟಿ. ಮೇಲೆ ತಣಿದದ್ದರಲ್ಲಿ ಒಂದು ಪಾಲನ್ನು ಹೊರಗೆ ತೆಗೆದು ಉಳಿದದ್ದನ್ನು ಮತ್ತೆ ಕಾಲಮ್ಮಿನ ತಲೆಗೇ ಸುರಿಯುತ್ತಾರೆ. ಇದೇ ರಿಫ್ಲಕ್ಸು. ವಾಪಸು ಸುರಿಯುವುದು ಹೆಚ್ಚಿದಷ್ಟೂ ಶುದ್ಧತೆ ಹೆಚ್ಚುತ್ತದೆ, ಶಾಖದ ಖರ್ಚೂ ಹೆಚ್ಚುತ್ತದೆ. ತಟ್ಟೆಗಳೂ ರಿಫ್ಲಕ್ಸೂ ಸಾಕಷ್ಟಿದ್ದರೆ ಶೇ 96ರ ಸ್ಪಿರಿಟ್ಟು ಒಂದೇ ಓಟದಲ್ಲಿ ಸಿಗುತ್ತದೆ. ಅದರಾಚೆ ಬರೀ ಕುದಿಸುವುದರಿಂದ ಹೆಚ್ಚು ದೂರ ಹೋಗಲಾಗದು. ಶೇ 97ರ ಹತ್ತಿರ ನೀರೂ ಆಲ್ಕೋಹಾಲೂ ಒಂದೇ ಅನುಪಾತದಲ್ಲಿ ಒಟ್ಟಿಗೇ ಆವಿಯಾಗತೊಡಗುತ್ತವೆ. ಪೆಟ್ರೋಲಿಗೆ ಬೆರೆಸುವ ಎಥನಾಲಿಗೆ ಉಳಿದ ನೀರನ್ನು ಬೇರೆ ವಿಧಾನದಿಂದ ಹೀರಿ ತೆಗೆಯುವುದು ಇದೇ ಕಾರಣಕ್ಕೆ.

ಹೇಳಲು ಸುಲಭ, ಕಟ್ಟಲು ಕಷ್ಟ. ತಟ್ಟೆ ಮಟ್ಟಸವಾಗಿ ಕೂರಬೇಕು. ತಳವಡೆಯ ಒಂದು ಶಾಪಿನಲ್ಲಿ ವಿಜಯಪುರ ಕಡೆಯ ಹಿರಿಯ ವೆಲ್ಡರೊಬ್ಬರು ಹೊಸ ಹುಡುಗನಿಗೆ ಇದನ್ನು ತಿಳಿಸಿಕೊಟ್ಟದ್ದು ನನಗೆ ನೆನಪಿದೆ. ಹುಡುಗ ತಟ್ಟೆಯನ್ನು ಟ್ಯಾಕ್ ಮಾಡಿ, "ಕಾಕಾ, ಆತು ನೋಡ್ರಿ, ಇನ್ನ ಪೂರಾ ಬೆಸೀಲೇನು?" ಅಂದ. ಅವರು ಸ್ಪಿರಿಟ್ ಲೆವೆಲ್ ಇಟ್ಟು ನೋಡಿ, "ತಡೀ ತಮ್ಮಾ. ಒಂದ್ ಸೂತ ವಾರಿ ಐತಿ. ನೀರು ಈ ಕಡೆ ಓಡ್ತದ, ಆವಿ ಆ ಕಡೆ ಏರ್ತದ. ಎರಡೂ ಒಂದಕ್ಕೊಂದು ಸಿಗಂಗಿಲ್ಲ. ಮತ್ತ ತಟ್ಟಿ ಇದ್ದೂ ಇಲ್ಲದಂಗ," ಅಂದರು. ಸೂತ ಎಂದರೆ ಇಂಚಿನ ಎಂಟನೇ ಒಂದು ಪಾಲು, ಮೂರು ಮಿಲಿಮೀಟರ್. ಕಾಲಮ್ ವಿನ್ಯಾಸದ ಪುಸ್ತಕಗಳು ಪುಟಗಟ್ಟಲೆ ವಿವರಿಸುವುದನ್ನು ಅವರು ನಾಲ್ಕು ಮಾತಿನಲ್ಲಿ ಮುಗಿಸಿದ್ದರು.

ತಟ್ಟೆಯಲ್ಲೂ ಬಗೆಗಳಿವೆ. ಬರೀ ತೂತು ಕೊರೆದ ಜರಡಿ ತಟ್ಟೆ ಅಗ್ಗ, ತೊಳೆಯುವುದೂ ಸುಲಭ. ಆದರೆ ಉರಿ ಸ್ವಲ್ಪ ಇಳಿದರೆ ಆವಿಯ ಒತ್ತಡ ಸಾಲದೆ ದ್ರವವೆಲ್ಲ ತೂತುಗಳಿಂದ ಕೆಳಗೆ ಸುರಿದುಹೋಗುತ್ತದೆ. ಬಬಲ್ ಕ್ಯಾಪಿನ ತಟ್ಟೆ ದುಬಾರಿ, ಒಂದೊಂದು ಟೊಪ್ಪಿಗೆಯನ್ನೂ ಕೈಯಿಂದ ಕೂರಿಸಬೇಕು, ಆದರೆ ಉರಿ ಹೆಚ್ಚುಕಡಿಮೆಯಾದರೂ ದ್ರವವನ್ನು ಹಿಡಿದು ನಿಲ್ಲುತ್ತದೆ. ದಿನವೂ ಹೊತ್ತಿಸಿ ಆರಿಸುವ ಸಣ್ಣ ಭಟ್ಟಿಗೆ ನಾನು ಬಬಲ್ ಕ್ಯಾಪನ್ನೇ ಹೇಳುತ್ತೇನೆ. ಕಾಕಂಬಿ ವಾಶಿಗೆ ಇನ್ನೊಂದು ತೊಡಕುಂಟು. ಅದರಲ್ಲಿನ ಸುಣ್ಣದ ಲವಣಗಳು ತಟ್ಟೆಗಳ ಮೇಲೆ ಹೆಪ್ಪುಗಟ್ಟಿ ದಾರಿ ಕಟ್ಟುತ್ತವೆ. ಕೈ ಹಾಕಿ ಕೆರೆಯಲು ಜಾಗ ಬಿಡದೆ ಮಾಡಿದ ಡ್ರಾಯಿಂಗು ಕಾಗದದ ಮೇಲಷ್ಟೇ ಚೆನ್ನ.

ಅಳತೆಯ ಅಂದಾಜು ಕೊಡಬೇಕೆಂದರೆ, ಗಂಟೆಗೆ 10 ಲೀಟರ್ ಬಲವಾದ ಸ್ಪಿರಿಟ್ಟು ತೆಗೆಯಬೇಕು, ಒಂದು ಪಾಲು ಹೊರಗೆ ತೆಗೆದರೆ ನಾಲ್ಕು ಪಾಲು ವಾಪಸು ಸುರಿಯಬೇಕು ಎಂದಿಟ್ಟುಕೊಳ್ಳಿ. ಆಗ ಸುಮಾರು 11 ಕಿಲೋವ್ಯಾಟ್ ಶಾಖ ಬೇಕು. ಆವಿ ಸೆಕೆಂಡಿಗೆ ಅರ್ಧ ಮೀಟರಿನ ವೇಗದಲ್ಲಿ ಏರಲಿ ಎಂದರೆ ಕಾಲಮ್ಮಿನ ಅಡ್ಡಳತೆ ಆರು ಇಂಚಿನ ಹತ್ತಿರ ಬರುತ್ತದೆ. ಅದಕ್ಕಿಂತ ಸಣ್ಣದು ಮಾಡಿದರೆ ಆವಿ ದ್ರವವನ್ನು ಹೊತ್ತುಕೊಂಡೇ ಮೇಲೆ ನುಗ್ಗುತ್ತದೆ. ಊರಿನ ಎತ್ತರವನ್ನೂ ನೆನಪಿಡಬೇಕು. ದೇಹೂ ರೋಡ್ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲಿದೆ. ಪುಸ್ತಕದಲ್ಲಿ 78.3 ಡಿಗ್ರಿಗೆ ಕುದಿಯುವ ಆಲ್ಕೋಹಾಲು ಇಲ್ಲಿ ಎರಡು ಡಿಗ್ರಿಯಷ್ಟು ಕೆಳಗೇ ಕುದಿಯುತ್ತದೆ. ಮುಂಬಯಿಯಲ್ಲಿ ಕೂತು ಬರೆದ ಉಷ್ಣಾಂಶದ ಪಟ್ಟಿಯನ್ನು ಇಲ್ಲಿಯ ಥರ್ಮಾಮೀಟರಿಗೆ ಹಚ್ಚಿದರೆ ಮೊದಲ ಭಾಗವನ್ನೂ ನಡುವಿನ ಭಾಗವನ್ನೂ ಬೇರ್ಪಡಿಸುವ ಗೆರೆಯೇ ತಪ್ಪುತ್ತದೆ.

ಕಾಲಮ್ಮಿನ ಪರವಾದ ನಿಜವಾದ ವಾದ ಇಲ್ಲಿ ಶುರುವಾಗುತ್ತದೆ. ಅದು ಬೇಡದ್ದನ್ನು ಬೇರೆ ಮಾಡಬಲ್ಲದು. ಫ್ಯೂಸೆಲ್ ಎಣ್ಣೆಯನ್ನೇ ನೋಡಿ. ಅದರಲ್ಲಿ ಮುಖ್ಯವಾದ ಐಸೊಅಮೈಲ್ ಆಲ್ಕೋಹಾಲು ಕುದಿಯುವುದು 131 ಡಿಗ್ರಿಗೆ. ಹಾಗಿದ್ದರೆ ಅದು ತಳದಲ್ಲೇ ಉಳಿಯಬೇಕು. ಆದರೆ ನೀರು ಹೆಚ್ಚಿರುವ ಕಡೆ ಅದು ಆಲ್ಕೋಹಾಲಿಗಿಂತ ಮುಂದಾಗಿ ಆವಿಯಾಗುತ್ತದೆ, ಆಲ್ಕೋಹಾಲು ಹೆಚ್ಚಿರುವ ಕಡೆ ಹಿಂದೆ ಬೀಳುತ್ತದೆ. ಹೀಗಾಗಿ ಕೆಳಗೂ ಇಳಿಯದೆ ಮೇಲೂ ಏರದೆ ಕಾಲಮ್ಮಿನ ನಡುವಿನ ತಟ್ಟೆಗಳಲ್ಲಿ ಕೂಡಿಕೊಳ್ಳುತ್ತದೆ. ಅಲ್ಲೊಂದು ನಲ್ಲಿ ಇಟ್ಟರೆ ಅದನ್ನು ಹೊರಗೆ ಹರಿಸಿಬಿಡಬಹುದು. ಹಂಡೆಯಲ್ಲಿ ಇಂಥ ನಲ್ಲಿಗೆ ಜಾಗವೇ ಇಲ್ಲ.

ಮೆಥನಾಲಿನ ವಿಷಯ ಇನ್ನೂ ಗಂಭೀರ. ಹಂಡೆಯಿಂದ ಮೊದಲು ಬರುವ ಲೋಟವನ್ನು ಚೆಲ್ಲಿದರೆ ವಿಷ ಹೋಯಿತು ಎಂಬ ನಂಬಿಕೆ ಎಲ್ಲ ಕಡೆ ಇದೆ. ಅದು ಪೂರ್ತಿ ನಿಜವಲ್ಲ. ಮೆಥನಾಲು 65 ಡಿಗ್ರಿಯ ಹತ್ತಿರ ಕುದಿಯುವುದು ಹೌದು, ಆದರೆ ನೀರಿನೊಂದಿಗೆ ಬೆರೆತ ವಾಶಿನಲ್ಲಿ ಅದು ಆಲ್ಕೋಹಾಲಿನ ಜೊತೆಜೊತೆಗೇ ಆವಿಯಾಗುತ್ತ ಓಟದುದ್ದಕ್ಕೂ ಹರಡಿಕೊಳ್ಳುತ್ತದೆ. ಮೊದಲ ಲೋಟದಲ್ಲಿ ಹೋಗುವುದು ಮುಖ್ಯವಾಗಿ ಅಸಿಟಾಲ್ಡಿಹೈಡು, ಈಥೈಲ್ ಅಸಿಟೇಟು. ಸ್ಪಿರಿಟ್ಟು ಬಲವಾದ ಮೇಲೆ ಮೆಥನಾಲನ್ನು ಬೇರ್ಪಡಿಸಲು ಪ್ರತ್ಯೇಕ ಕಾಲಮ್ಮು ಬೇಕು, ದೊಡ್ಡ ಡಿಸ್ಟಿಲರಿಗಳು ಅದನ್ನು ಇಟ್ಟುಕೊಂಡಿರುತ್ತವೆ. ಆದರೆ ಹಂಡೆಯ ಪರವಾಗಿ ಇದನ್ನೂ ಹೇಳಬೇಕು: ಬೆಲ್ಲ, ಕಾಕಂಬಿ, ಧಾನ್ಯದ ವಾಶಿನಲ್ಲಿ ಮೆಥನಾಲು ಹುಟ್ಟುವುದೇ ಅತ್ಯಲ್ಪ. ಪೆಕ್ಟಿನ್ ಇರುವ ಹಣ್ಣುಗಳಿಂದ ಮಾಡುವಾಗಲಷ್ಟೇ ಎಚ್ಚರ ಹೆಚ್ಚು ಬೇಕು.

1981ರಲ್ಲಿ ಬೆಂಗಳೂರಿನಲ್ಲಿ ಮುನ್ನೂರಕ್ಕೂ ಹೆಚ್ಚು ಜನ ವಿಷಮದ್ಯಕ್ಕೆ ಬಲಿಯಾದರು. 2015ರ ಜೂನಿನಲ್ಲಿ ಮುಂಬಯಿಯ ಮಾಲವಣಿಯಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ಇಂಥ ಸಾವುಗಳ ನಂತರ ಪ್ರತಿಸಲವೂ ಕಳ್ಳಭಟ್ಟಿಯ ಹಂಡೆಯನ್ನು ಬೈಯುತ್ತೇವೆ. ಕಳ್ಳಭಟ್ಟಿಯಲ್ಲಿ ಕೊಳಕಿದೆ, ಅಪಾಯವಿದೆ, ಅದನ್ನು ಸಮರ್ಥಿಸುವ ಮಾತೇ ಇಲ್ಲ. ಆದರೆ ಹೀಗೆ ಗುಂಪುಗುಂಪಾಗಿ ಜನ ಸಾಯುವುದು ಕಾರ್ಖಾನೆಯ ಮೆಥನಾಲನ್ನು ತಂದು ಬೆರೆಸಿದಾಗ. ಅದು ಭಟ್ಟಿಯ ತಪ್ಪಲ್ಲ, ಮಾರಿದವನ ಕೊಲೆಗಡುಕತನ. ಹಂಡೆಗೂ ಕಾಲಮ್ಮಿಗೂ ನಡುವೆ ತೀರ್ಪು ಕೊಡುವಾಗ ಈ ಸಾವುಗಳನ್ನು ಯಾವ ಕಡೆಯ ತಕ್ಕಡಿಗೂ ಹಾಕಬಾರದು.

ಕಾಲಮ್ಮಿನ ಉಪಕಾರ ಮದ್ಯಕ್ಕಷ್ಟೇ ಸೀಮಿತವಲ್ಲ ಎಂಬುದೂ ನೆನಪಿರಲಿ. ಔಷಧಿಗೆ, ಲ್ಯಾಬಿಗೆ, ಸುಗಂಧಕ್ಕೆ ಬೇಕಾದ ಸ್ಪಿರಿಟ್ಟು ಅದರಿಂದಲೇ ಬರುತ್ತದೆ. 2020ರಲ್ಲಿ ಕೊರೊನಾ ಬಂದಾಗ ದೇಶದ ಡಿಸ್ಟಿಲರಿಗಳು ಕೆಲವೇ ದಿನಗಳಲ್ಲಿ ಸ್ಯಾನಿಟೈಸರಿಗೆ ತಿರುಗಿಕೊಂಡವು. ಹಂಡೆಯಿಂದ ಅಷ್ಟು ಬಲದ, ಅಷ್ಟು ಪ್ರಮಾಣದ ಆಲ್ಕೋಹಾಲು ಹೊರಡಿಸುವುದು ಸಾಧ್ಯವಿರಲಿಲ್ಲ. ಹಬೆಯ ಲೆಕ್ಕವೂ ಕಾಲಮ್ಮಿನ ಕಡೆಗೇ ಇದೆ. ಒಂದು ಕಾಲಮ್ಮಿನ ಆವಿಯ ಶಾಖದಿಂದ ಇನ್ನೊಂದು ಕಾಲಮ್ಮನ್ನು ಕುದಿಸುವ ಈಗಿನ ಸ್ಥಾವರಗಳು ಲೀಟರಿಗೆ ಮೂರು, ಮೂರೂವರೆ ಕಿಲೋ ಹಬೆಯಲ್ಲಿ ಕುಡಿಯಲು ಯೋಗ್ಯವಾದ ಶುದ್ಧ ಸ್ಪಿರಿಟ್ಟು ತೆಗೆಯುತ್ತವೆ.

ಕಾಲಮ್ಮಿನ ಮೇಲಿನ ಆರೋಪವೂ ಹಗುರವಲ್ಲ. ಶೇ 96ಕ್ಕೆ ಏರಿಸಿದ ಸ್ಪಿರಿಟ್ಟಿನಲ್ಲಿ ಅದು ಕಬ್ಬಿನದೋ ಜೋಳದದೋ ಎಂದು ಹೇಳುವ ಗುರುತು ಉಳಿದಿರುವುದಿಲ್ಲ. ಅದಕ್ಕೆ ನೀರು, ಬಣ್ಣ, ಸ್ವಲ್ಪ ಮಾಲ್ಟೋ ಎಸೆನ್ಸೋ ಬೆರೆಸಿ ವಿಸ್ಕಿ, ಬ್ರಾಂಡಿ, ರಮ್ ಎಂದು ಮೂರು ಹೆಸರಿನಲ್ಲಿ ಮಾರಬಹುದು, ಮತ್ತು ನಮ್ಮ ದೇಶದ ಅಗ್ಗದ ಮದ್ಯದ ಬಹುಪಾಲು ಹೀಗೇ ತಯಾರಾಗುತ್ತದೆ. ಕರ್ನಾಟಕದ ಪಾಕೆಟ್ ಸಾರಾಯಿಯೂ ಹಂಡೆಯಿಂದ ಇಳಿದದ್ದಾಗಿರಲಿಲ್ಲ, ಡಿಸ್ಟಿಲರಿಯ ಸ್ಪಿರಿಟ್ಟಿಗೆ ನೀರು ಬೆರೆಸಿದ್ದಾಗಿತ್ತು. ಕೂಲಿ ಮುಗಿಸಿ ಬರುವವನ ಕೈಗೆ ಅಷ್ಟು ಸಲೀಸಾಗಿ ಅದು ಸಿಗುವಂತಾದದ್ದು ಕಾಲಮ್ಮಿನ ಇಳುವರಿಯಿಂದ. ಮನೆಮನೆಯ ಹೆಂಗಸರು ಅದರ ವಿರುದ್ಧ ವರ್ಷಗಟ್ಟಲೆ ಹೋರಾಡಿದರು, 2007ರ ಜುಲೈಯಿಂದ ಸಾರಾಯಿ ನಿಂತಿತು. ಮಹಾರಾಷ್ಟ್ರದಲ್ಲಿ ಊರಿನ ಮದ್ಯದಂಗಡಿ ಮುಚ್ಚಬೇಕೇ ಎಂದು ಮತಕ್ಕೆ ಹಾಕಿದಾಗ ಮುಚ್ಚಬೇಕೆನ್ನುವವರ ಗುರುತು 'ಆಡವಿ ಬಾಟಲಿ', ಅಂದರೆ ಅಡ್ಡಬಿದ್ದ ಬಾಟಲಿ. ಎಷ್ಟೋ ಹಳ್ಳಿಗಳಲ್ಲಿ ಹೆಂಗಸರು ಅದಕ್ಕೆ ಮುದ್ರೆಯೊತ್ತಿ ಅಂಗಡಿ ಮುಚ್ಚಿಸಿದ್ದಾರೆ. ತುಕಾರಾಮರ ವಾರಕರಿ ಭಕ್ತರ ದೇಹೂ ಇಷ್ಟು ಹತ್ತಿರವಿರುವಾಗ, ಮದ್ಯವನ್ನು ಚೆನ್ನಾಗಿ ಮಾಡುವುದು ಹೇಗೆ ಎಂದು ಬರೆಯುವವನು ಆ ಹೆಂಗಸರ ಮಾತನ್ನು ಕೇಳಿಸಿಕೊಳ್ಳದೆ ಹೋಗಬಾರದು. ಅಗ್ಗದ ಸ್ಪಿರಿಟ್ಟು ಮನೆಗಳನ್ನು ಮುರಿದಿದೆ.

ಹಂಡೆ ಕಾಲಮ್ಮುಗಳ ಜಗಳ ನಮ್ಮದಷ್ಟೇ ಅಲ್ಲ. 1830ರಲ್ಲಿ ಐರ್ಲೆಂಡಿನ ಮಾಜಿ ಅಬಕಾರಿ ಅಧಿಕಾರಿ ಈನಿಯಸ್ ಕಾಫಿ ಎರಡು ಕಾಲಮ್ಮುಗಳ ಭಟ್ಟಿಗೆ ಪೇಟೆಂಟ್ ಪಡೆದ. ಅವನ ಊರಿನ ಡಿಸ್ಟಿಲರಿಗಳೇ ಅದನ್ನು ದೂರವಿಟ್ಟವು, ಸ್ಕಾಟ್ಲೆಂಡಿನವರು ಎತ್ತಿಕೊಂಡರು. ಕಾಫಿಯ ಭಟ್ಟಿಯಿಂದ ಬಂದದ್ದು ವಿಸ್ಕಿಯೇ ಅಲ್ಲ ಎಂದು ಹಂಡೆಯವರು ದಶಕಗಳ ಕಾಲ ವಾದಿಸಿದರು. ಕೊನೆಗೆ ಬ್ರಿಟನ್ 1908ರಲ್ಲಿ ಒಂದು ರಾಯಲ್ ಕಮಿಷನ್ ಕೂರಿಸಿತು. ಭಟ್ಟಿ ಯಾವುದೇ ಇರಲಿ, ಧಾನ್ಯದಿಂದ ಮಾಲ್ಟಿನ ಸಹಾಯದಿಂದ ಮಾಡಿದ್ದಾದರೆ ಅದು ವಿಸ್ಕಿಯೇ ಎಂದು ಮುಂದಿನ ವರ್ಷ ಅದು ಹೇಳಿತು. ನಮ್ಮ ಕಾಕಂಬಿಯ 'ವಿಸ್ಕಿ'ಯನ್ನು ಯುರೋಪು ಒಪ್ಪದಿರುವುದಕ್ಕೂ ಕಾರಣ ಇದೇ. ಅದರ ತಕರಾರು ಕಾಲಮ್ಮಿನ ಬಗ್ಗೆಯಲ್ಲ, ಕಾಕಂಬಿಯ ಬಗ್ಗೆ.

ಫ್ರಾನ್ಸಿನ ಉದಾಹರಣೆ ನನಗೆ ಇನ್ನೂ ಹೆಚ್ಚು ಕಲಿಸಿದೆ. ಕೊನ್ಯಾಕ್ ಬ್ರಾಂಡಿಯನ್ನು ತಾಮ್ರದ ಹಂಡೆಯಲ್ಲಿ ಎರಡು ಸಲ ಇಳಿಸಬೇಕೆಂದು ನಿಯಮವಿದೆ. ಅದೇ ದೇಶದ ಅರ್ಮಾನ್ಯಾಕ್ ಬ್ರಾಂಡಿಯ ಬಹುಪಾಲು ಕೆಲವೇ ತಟ್ಟೆಗಳ ತಾಮ್ರದ ಕಾಲಮ್ಮಿನಿಂದ, ಒಂದೇ ಓಟದಲ್ಲಿ, ಸಾಮಾನ್ಯವಾಗಿ ಶೇ 52-60ಕ್ಕೆ ನಿಲ್ಲಿಸಿ ಇಳಿಸಿದ್ದು. ಎರಡರಲ್ಲಿ ಹೆಚ್ಚು ಒರಟು, ಹೆಚ್ಚು ರುಚಿಯುಳ್ಳದ್ದೆಂದು ಹೆಸರಾದದ್ದು ಈ ಕಾಲಮ್ಮಿನದೇ. ಮಾರ್ಟಿನಿಕ್ ದ್ವೀಪದಲ್ಲಿ ಹಸಿ ಕಬ್ಬಿನ ಹಾಲಿನಿಂದ ಮಾಡುವ ರಮ್ಮಿಗೆ 1996ರಲ್ಲಿ ಭೌಗೋಳಿಕ ಗುರುತು ಸಿಕ್ಕಾಗ, ಕಾಲಮ್ಮಿನಲ್ಲೇ ಇಳಿಸಬೇಕು, ಆದರೆ ಶೇ 65ರಿಂದ 75ರ ನಡುವೆ ನಿಲ್ಲಿಸಬೇಕು ಎಂದು ಬರೆದರು. ಕಬ್ಬಿನ ಹಸಿರು ವಾಸನೆ ಅದರಲ್ಲಿ ಎದ್ದು ಕಾಣುತ್ತದೆ. ಅಮೆರಿಕದ ಬೂರ್ಬನ್ನಿನ ಹೆಚ್ಚಿನ ಪಾಲು ಕಾಲಮ್ಮಿನದು, ಅಲ್ಲಿಯ ಕಾನೂನು ಶೇ 80ರ ಮೇಲೆ ಏರಿಸಲು ಬಿಡುವುದಿಲ್ಲ. ಅಂದರೆ ರುಚಿ ಕಳೆಯುವುದು ತಟ್ಟೆಗಳಿಂದಲ್ಲ, ಎಲ್ಲಿ ನಿಲ್ಲಿಸಬೇಕೆಂದು ಗೊತ್ತಿಲ್ಲದೆ ತುದಿಯ ತನಕ ಏರಿಸುವುದರಿಂದ. ಹಂಡೆಗೆ ಏರುವ ಶಕ್ತಿಯಿಲ್ಲದ್ದರಿಂದ ತಾನಾಗಿ ನಿಲ್ಲುತ್ತದೆ, ಕಾಲಮ್ಮನ್ನು ಕಟ್ಟಿದವನು ನಿಲ್ಲಿಸಬೇಕು.

ಲೋಹದ ವಿಷಯದಲ್ಲೂ ಇಂಥದೇ ತೂಗಾಟ. ಸ್ಟೇನ್‌ಲೆಸ್ ಸ್ಟೀಲು ತುಕ್ಕು ಹಿಡಿಯದು, ಸವೆಯದು, ನಮ್ಮ ವೆಲ್ಡರುಗಳ ಕೈಗೆ ಒಗ್ಗಿದೆ. ಆದರೆ ಹುದುಗುವಾಗ ಹುಟ್ಟುವ ಗಂಧಕದ ಸಂಯುಕ್ತಗಳ ಕೊಳೆತ ವಾಸನೆಯನ್ನು ಹಿಡಿದುಕೊಳ್ಳುವುದು ತಾಮ್ರ. ಆ ಕೆಲಸದಲ್ಲಿ ತಾಮ್ರ ತಾನೇ ಕರಗುತ್ತ ಹೋಗುತ್ತದೆ. ಇಡೀ ಕಾಲಮ್ಮನ್ನು ತಾಮ್ರದಲ್ಲಿ ಮಾಡಿದರೆ ಬೆಲೆ ಏರುತ್ತದೆ, ಉಕ್ಕಿನಲ್ಲಿ ಮಾಡಿದರೆ ರುಚಿ ಕೆಡುತ್ತದೆ. ಹೊರಕವಚ ಉಕ್ಕಿನದು, ತಟ್ಟೆ ಮತ್ತು ಟೊಪ್ಪಿಗೆಗಳು ತಾಮ್ರದವು ಎಂಬ ನಡುದಾರಿ ನನಗೆ ಸರಿಯೆನಿಸುತ್ತದೆ, ಆವಿ ತಾಗುವುದು ಅವುಗಳಿಗೇ ಹೆಚ್ಚು. ಬೆಸುಗೆಯಲ್ಲಿ ಮಾತ್ರ ರಾಜಿ ಸಲ್ಲದು. ಸೀಸ ಇರುವ ಬೆಸುಗೆಯಿಂದ ಸ್ಪಿರಿಟ್ಟಿಗೆ ವಿಷ ಇಳಿಯುತ್ತದೆ. ಬೆಳ್ಳಿ ಬೆರೆತ, ಸೀಸವಿಲ್ಲದ ಬೆಸುಗೆಯೇ ಬೇಕು.

ಸುರಕ್ಷತೆಯ ಲೆಕ್ಕದಲ್ಲಿ ಕಾಲಮ್ಮಿಗೆ ಹಂಡೆಗಿಂತ ಹೆಚ್ಚು ಜವಾಬ್ದಾರಿ ಇದೆ. ತಟ್ಟೆ ಕಟ್ಟಿಕೊಂಡರೆ ಕೆಳಗೆ ಒತ್ತಡ ಏರುತ್ತದೆ. ಹಾಗಾಗಿ ಕಂಡೆನ್ಸರಿನ ಬಾಯಿ ಯಾವತ್ತೂ ಗಾಳಿಗೆ ತೆರೆದಿರಬೇಕು, ಸೇಫ್ಟಿ ವಾಲ್ವ್ ಇರಬೇಕು. ಉರಿ ಆರಿಸಿದ ಮೇಲೆ ಒಳಗಿನ ಆವಿ ತಣಿದು ನಿರ್ವಾತವಾಗಿ, ತೆಳು ತಗಡಿನ ಟ್ಯಾಂಕು ಒಳಕ್ಕೆ ಕುಸಿದುಬಿಡಬಹುದು. ಅದಕ್ಕೆ ಗಾಳಿ ಒಳಬಿಡುವ ವಾಲ್ವು ಬೇಕು. ಗಾಳಿಯಲ್ಲಿ ಆಲ್ಕೋಹಾಲ್ ಆವಿ ಶೇ 3.3ರಿಂದ 19ರ ತನಕ ಇದ್ದರೆ ಕಿಡಿ ಸಾಕು, ಸಿಡಿಯುತ್ತದೆ. ಆದ್ದರಿಂದ ನೇರ ಉರಿ ಬೇಡ, ಹಬೆಯಿಂದಲೇ ಕಾಯಿಸಬೇಕು.

ಭಟ್ಟಿಯಾದ ಮೇಲೆ ಉಳಿಯುವ ಕಪ್ಪು ನೀರಿನ ವಿಷಯದಲ್ಲಿ ಹಂಡೆಯವರೂ ಕಾಲಮ್ಮಿನವರೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಕಾಕಂಬಿಯಿಂದ ಒಂದು ಲೀಟರ್ ಆಲ್ಕೋಹಾಲು ತೆಗೆದರೆ ಎಂಟರಿಂದ ಹದಿನೈದು ಲೀಟರ್ ಸ್ಪೆಂಟ್ ವಾಶ್ ಉಳಿಯುತ್ತದೆ. ಅದು ಇಂದ್ರಾಯಣಿಗಾಗಲಿ ಕೃಷ್ಣೆಗಾಗಲಿ ಸೇರಿದರೆ ಮೀನು ಸಾಯುತ್ತವೆ. ಸಣ್ಣ ಭಟ್ಟಿಯವರು ಸಣ್ಣವರೆಂಬ ಕಾರಣಕ್ಕೆ ಇದರಿಂದ ವಿನಾಯಿತಿ ಕೇಳುವುದು ನನಗೆ ಒಪ್ಪಿಗೆಯಿಲ್ಲ.

ನನ್ನ ತೀರ್ಮಾನ ಇಷ್ಟು. ಔಷಧಿ, ಇಂಧನ, ಶುದ್ಧ ಸ್ಪಿರಿಟ್ಟಿಗೆ ದೊಡ್ಡ ಕಾಲಮ್ಮಿಗೆ ಸಾಟಿಯಿಲ್ಲ, ಅಲ್ಲಿ ಹಂಡೆಯ ಮಾತೆತ್ತುವುದು ವ್ಯರ್ಥ. ಫೆನಿಯಂಥ, ತನ್ನ ಹಂಡೆಯ ಜೊತೆಗೇ ಬೆಳೆದ ಮದ್ಯಕ್ಕೆ ಹಂಡೆಯನ್ನು ಬದಲಿಸಬಾರದು. ಆದರೆ ದಖ್ಖನ್ನಿನ ಬೆಲ್ಲ, ಇಪ್ಪೆ, ದ್ರಾಕ್ಷಿ, ಜೋಳದಿಂದ ಹೊಸದಾಗಿ ಮದ್ಯ ಇಳಿಸಲು ಹೊರಟವರಿಗೆ ನಾನು ಕೊಡುವ ಡ್ರಾಯಿಂಗು ಬೇರೆ. ಕೆಳಗೆ ಹಬೆಯಿಂದ ಕಾಯುವ ಹಂಡೆ, ಅದರ ಮೇಲೆ ನಾಲ್ಕರಿಂದ ಆರು ತಾಮ್ರದ ಬಬಲ್ ಕ್ಯಾಪ್ ತಟ್ಟೆಗಳ ಗಿಡ್ಡ ಕಾಲಮ್ಮು, ಬೇಕಾದಾಗ ತಟ್ಟೆಗಳನ್ನು ಬರಿದು ಮಾಡಿಕೊಳ್ಳುವ ವ್ಯವಸ್ಥೆ. ಇದರಿಂದ ಒಂದೇ ಓಟದಲ್ಲಿ ಶೇ 70-75ಕ್ಕೆ ನಿಲ್ಲಿಸಬಹುದು, ಸೌದೆ ಉಳಿಯುತ್ತದೆ, ರುಚಿ ಉಳಿಯುತ್ತದೆ, ರಾತ್ರಿ ಪಾಳಿಯವನ ನಾಲಗೆಯೊಂದನ್ನೇ ನಂಬಬೇಕಾಗಿಲ್ಲ. ಹಂಡೆಯವರು ಇದನ್ನು ಕಲಬೆರಕೆ ಎನ್ನುತ್ತಾರೆ, ಕಾಲಮ್ಮಿನವರು ಇಳುವರಿ ಸಾಲದು ಎನ್ನುತ್ತಾರೆ. ಇಬ್ಬರ ಆಕ್ಷೇಪವನ್ನೂ ಕೇಳಿದ ಮೇಲೂ ನಾನು ಇದನ್ನೇ ಕಟ್ಟುತ್ತೇನೆ.

ಕೊನೆಗೊಂದು ಬೇಡಿಕೆ ಸರ್ಕಾರಗಳ ಮುಂದೆ. ಮಹಾರಾಷ್ಟ್ರ 2001ರಲ್ಲಿ ದ್ರಾಕ್ಷಾರಸಕ್ಕೊಂದು ನೀತಿ ತಂದಿತು, ಕರ್ನಾಟಕ 2007ರಲ್ಲಿ ತಂದಿತು. ಅದೇ ರೀತಿ ಸಣ್ಣ ಭಟ್ಟಿಗೂ ಒಂದು ಪರವಾನಗಿ ಇರಲಿ. ಅದರಲ್ಲಿ ಎಷ್ಟು ಲೀಟರ್ ಎಂಬುದರ ಜೊತೆಗೆ ಎಷ್ಟು ಬಲಕ್ಕೆ ನಿಲ್ಲಿಸಬೇಕು, ಯಾವ ಬೆಳೆಯಿಂದ ಮಾಡಬೇಕು, ಪ್ರತಿ ಬ್ಯಾಚಿನ ಮೆಥನಾಲನ್ನು ಯಾವ ಲ್ಯಾಬಿನಲ್ಲಿ ಅಳೆಯಬೇಕು ಎಂಬುದನ್ನೂ ಬರೆಯಿರಿ. ಬೇಡವೆನ್ನುವ ಊರಿನ ಹೆಂಗಸರಿಗೆ ಬೇಡ ಎನ್ನುವ ಹಕ್ಕು ಈಗಿನಂತೆಯೇ ಉಳಿಯಲಿ. ಅಂಥ ಪರವಾನಗಿ ಕೈಗೆ ಬರುವ ತನಕ ಎಳೆಯರಿಗೆ ನನ್ನದೊಂದು ಮಾತು: ಡ್ರಾಯಿಂಗ್ ಮಾಡಿ, ಲೆಕ್ಕ ಹಾಕಿ, ಮಾಂಜರಿಗೆ ಹೋಗಿ ಕಲಿಯಿರಿ, ಆದರೆ ಉರಿ ಹಚ್ಚಬೇಡಿ.